ಡ್ಯಾಮ್ ಸೂರಿನಲ್ಲಿ, ಹಿನ್ನೀರು ಬೆಡ್‌ರೂಮಿನಲ್ಲಿ

ಡ್ಯಾಮ್ ಕಟ್ಟಿದ್ದು ಆಲಮಟ್ಟಿಯಲ್ಲಿ, ಮುಳುಗಿದ್ದು ಬಾಗಲಕೋಟೆ. ನಮ್ಮ ಹಳೇ ಊರಿನ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಗೋಡೆ ಎಲ್ಲೋ ಇರುತ್ತದೆ. ನೀರು ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಇನ್ಯಾರದೋ ಪಡಸಾಲೆಗೆ ಬಂದು ನಿಲ್ಲುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ನನ್ನ ತಂಗಿಯ ಮನೆಯ ಮಾಡಿನ ಮೇಲೆ ಚಳಿಗಾಲದಲ್ಲಿ ಆಗಿದ್ದೂ ಇದೇ ಕಥೆ, ಗಾತ್ರ ಮಾತ್ರ ಚಿಕ್ಕದು. ಮಾಡಿನ ಕೆಳಗಿನ ಅಂಚಿಗೆ, ಅಂದರೆ ಸೂರಿನ ಉದ್ದಕ್ಕೂ ಐಸಿನ ದಪ್ಪ ಕಟ್ಟೆ ಬೆಳೆಯುತ್ತದೆ. ಅದರ ಹಿಂದೆ ನೀರು ನಿಲ್ಲುತ್ತದೆ. ನಿಂತ ನೀರು ಮೇಲಕ್ಕೇರಿ ಮನೆಯೊಳಗೆ ಇಳಿಯುತ್ತದೆ. ಅಲ್ಲಿಯವರು ಇದಕ್ಕೆ ಐಸ್ ಡ್ಯಾಮ್ ಅನ್ನುತ್ತಾರೆ.

ನವನಗರದ ನಮ್ಮ ಸೆಕ್ಟರಿನಲ್ಲೇ ನೋಡಿ, ಮಗ ಅಥವಾ ಮಗಳು ಮಿನ್ನೆಸೋಟಾ, ಷಿಕಾಗೊ, ಟೊರಾಂಟೊ ಕಡೆ ಇರುವ ಮನೆಗಳು ಎಷ್ಟೋ ಇವೆ. ಮೊದಲ ಕೆಲವು ವರ್ಷ ಅಪಾರ್ಟ್‌ಮೆಂಟಿನಲ್ಲಿ ಇರುತ್ತಾರೆ, ಮಾಡಿನ ಚಿಂತೆ ಮಾಲೀಕರದ್ದು. ಆಮೇಲೆ ಸಾಲ ಮಾಡಿ ಸ್ವಂತ ಮನೆ ತಗೊಳ್ಳುತ್ತಾರೆ. ತಗೊಳ್ಳುವಾಗ ಶಾಲೆ ಎಷ್ಟು ದೂರ, ಇಂಡಿಯನ್ ಅಂಗಡಿ ಎಷ್ಟು ದೂರ ಅಂತ ನೋಡುತ್ತಾರೆಯೇ ಹೊರತು ಅಟ್ಟ ಹತ್ತಿ ನೋಡುವವರು ಕಡಿಮೆ. ನಾನು ಇಲ್ಲಿ ಮನೆ ಕಟ್ಟಿಸುವ ಕೆಲಸ ಮಾಡುವವನು. ಹಿಮ ಬೀಳುವ ಊರಲ್ಲಿ ಇದ್ದವನಲ್ಲ, ಆದರೆ ಸೋರುವ ಮನೆ ಅಂದರೆ ನನ್ನ ಅನ್ನ. ತಂಗಿ ವಿಡಿಯೊ ಕಾಲ್‌ನಲ್ಲಿ ಸೀಲಿಂಗಿನ ಕಲೆ ತೋರಿಸಿದ ದಿನದಿಂದ ಇದರ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದ್ದೇನೆ, ಅವರ ಮನೆ ಸರಿಮಾಡಿದವರ ಹತ್ತಿರ ಫೋನಿನಲ್ಲಿ ತಲೆ ತಿಂದಿದ್ದೇನೆ.

ಅವಳ ಮೊದಲ ಪ್ರಶ್ನೆ ಸರಿಯಾಗೇ ಇತ್ತು. "ಹೊರಗೆ ಒಂದು ಹನಿ ಮಳೆ ಇಲ್ಲ. ಬಿಸಿಲು ಬಿದ್ದಿದೆ. ನೀರು ಎಲ್ಲಿಂದ ಬಂತು?"

ನಮ್ಮಲ್ಲಿ ಲೆಕ್ಕ ಸುಲಭ. ಮಳೆ ಬಂತು, ಸೋರಿತು. ಮಳೆ ನಿಂತರೆ ಸೋರುವುದೂ ನಿಲ್ಲುತ್ತದೆ. ಅಲ್ಲಿ ಹಿಮ ಬಿದ್ದ ದಿನ ಏನೂ ಆಗುವುದಿಲ್ಲ. ಎರಡು ದಿನವೋ ನಾಲ್ಕು ದಿನವೋ ಕಳೆದ ಮೇಲೆ, ಕೊರೆಯುವ ಚಳಿಯಲ್ಲಿ, ಹೊರಗೋಡೆಯ ಹತ್ತಿರದ ಸೀಲಿಂಗಿನಲ್ಲಿ ಕಂದು ಬಣ್ಣದ ಕಲೆ ಮೂಡುತ್ತದೆ. ಕಿಟಕಿಯ ಚೌಕಟ್ಟಿನ ಮೇಲಿಂದ ಹನಿ ಬೀಳುತ್ತದೆ.

ಆಗುವುದು ಹೀಗೆ. ಮಾಡಿನ ಮೇಲೆ ಒಂದಡಿ ಹಿಮ ಕೂತಿದೆ ಅಂತ ಇಟ್ಟುಕೊಳ್ಳಿ. ಹೊರಗೆ ಸೊನ್ನೆಗಿಂತ 8-9 ಡಿಗ್ರಿ ಕೆಳಗೆ. ಮಿನಿಯಾಪೊಲಿಸ್‌ನಲ್ಲಿ ಜನವರಿ ತಿಂಗಳ ಸರಾಸರಿಯೇ ಅಷ್ಟು. ಆ ಚಳಿಯಲ್ಲಿ ಹಿಮ ಕರಗುವ ಪ್ರಶ್ನೆಯೇ ಇಲ್ಲ, ಅಲ್ವಾ? ಆದರೆ ಮನೆಯೊಳಗೆ ಹೀಟರ್ ಹಾಕಿ 20-21 ಡಿಗ್ರಿ ಇಟ್ಟಿರುತ್ತಾರೆ. ಆ ಬಿಸಿ ಗಾಳಿ ಸೀಲಿಂಗಿನ ಸಂದಿಗಳಿಂದ ಅಟ್ಟಕ್ಕೆ ನುಸುಳುತ್ತದೆ. ಅಟ್ಟ ಬೆಚ್ಚಗಾಗುತ್ತದೆ, ಅದರ ಮೇಲಿನ ಮಾಡಿನ ಹಲಗೆ ಸೊನ್ನೆ ದಾಟುತ್ತದೆ, ಹಲಗೆಗೆ ತಾಗಿದ ಹಿಮ ಅಡಿಯಿಂದ ಕರಗಲು ಶುರುವಾಗುತ್ತದೆ. ಮೇಲಿಂದ ನೋಡಿದರೆ ಬೆಳ್ಳಗೆ, ಒಣ ಹಿಮ. ಅಡಿಯಲ್ಲಿ ಮಾತ್ರ ನೀರು ಹರಿಯುತ್ತಿರುತ್ತದೆ. ಆ ನೀರು ಇಳಿಜಾರಿನಲ್ಲಿ ಕೆಳಗೆ ಬಂದು ಸೂರಿನ ಅಂಚು ಮುಟ್ಟುತ್ತದೆ. ಸೂರು ಗೋಡೆಯಿಂದ ಹೊರಗೆ ಚಾಚಿರುವ ಭಾಗ, ಅದರ ಕೆಳಗೆ ಮನೆ ಇಲ್ಲ, ಬಿಸಿ ಇಲ್ಲ. ನೀರು ಅಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಪದರದ ಮೇಲೆ ಪದರ ಸೇರಿ ಕಟ್ಟೆ ಆಗುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಹಿಮ ಅನ್ನುವುದೇ ಒಂದು ಇನ್ಸುಲೇಷನ್, ಅಂದರೆ ಬಿಸಿ ದಾಟದಂತೆ ತಡೆಯುವ ಹೊದಿಕೆ. ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಬರೀ ಗಾಳಿ. ಮೇಲೆ ಹಿಮ ಜಾಸ್ತಿ ಕೂತಷ್ಟೂ ಹೊರಗಿನ ಚಳಿ ಹಲಗೆಯನ್ನು ತಲುಪುವುದಿಲ್ಲ, ಒಳಗಿನಿಂದ ಸೋರುವ ಬಿಸಿ ಅಲ್ಲೇ ಉಳಿಯುತ್ತದೆ. ಅದಕ್ಕೇ ಎರಡು ಇಂಚು ಹಿಮ ಬಿದ್ದಾಗ ಸುಮ್ನೆ ಇದ್ದ ಮನೆ ಒಂದಡಿ ಬಿದ್ದಾಗ ಸೋರುತ್ತದೆ. "ಹೋದ ವರ್ಷ ಏನೂ ಆಗಿರಲಿಲ್ಲ" ಅಂತ ಜನ ಹೇಳುವುದಕ್ಕೆ ಕಾರಣ ಇದು. ಮನೆಯ ದೋಷ ಹೋದ ವರ್ಷವೂ ಇತ್ತು, ಅದನ್ನು ತೋರಿಸಿಕೊಡುವಷ್ಟು ಹಿಮ ಇರಲಿಲ್ಲ.

ಇನ್ನೊಂದು ಮಾತು, ಇದು ನಮ್ಮವರ ತಲೆಗೆ ಬೇಗ ಹೋಗುವುದಿಲ್ಲ. ಸೀಲಿಂಗಿನಲ್ಲಿ ಕಲೆ ಕಂಡ ತಕ್ಷಣ ನಾವು ಮಾಡಿನಲ್ಲಿ ತೂತು ಹುಡುಕುತ್ತೇವೆ. ನಮ್ಮದು ಆರ್‌ಸಿಸಿ ಸ್ಲ್ಯಾಬು, ಬಿರುಕು ಇದ್ದರೆ ಸೋರುತ್ತದೆ, ಅದರ ಮೇಲೆ ಏನಾದರೂ ಬಳಿದರೆ ನಿಲ್ಲುತ್ತದೆ ಅನ್ನುವ ನಂಬಿಕೆ. ಅಲ್ಲಿನ ಮಾಡು ಹಾಗಲ್ಲ. ಮರದ ಹಲಗೆಯ ಮೇಲೆ ಡಾಂಬರಿನ ಶಿಂಗಲ್ಸ್ ಒಂದರ ಮೇಲೊಂದು ಹೊದಿಸಿರುತ್ತಾರೆ, ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆಗಳ ಹೆಂಚು ಇದ್ದ ಹಾಗೆಯೇ. ಇಂಥ ಮಾಡು ಕೆಳಗೆ ಹರಿಯುವ ನೀರನ್ನು ಮಾತ್ರ ತಡೆಯುತ್ತದೆ. ನಿಂತು ಹಿಂದಕ್ಕೆ ಏರುವ ನೀರನ್ನು ತಡೆಯಲು ಅದನ್ನು ಮಾಡಿಯೇ ಇಲ್ಲ. ಹೊಸ ಶಿಂಗಲ್ಸ್, ಒಂದೂ ತೂತಿಲ್ಲ, ಆದರೂ ಅದರ ಹಿಂದೆ ನೀರು ನಿಂತರೆ ಒಳಗೆ ಬರುತ್ತದೆ. ಹಾಗಾಗಿ "ಮಾಡು ಹಳೇದಾಗಿದೆ, ಬದಲಿಸಿ" ಅನ್ನುವ ಮೊದಲ ಕಂಟ್ರಾಕ್ಟರನ ಮಾತಿಗೆ ತಲೆ ಅಲ್ಲಾಡಿಸಬೇಡಿ. ಬದಲಿಸಿದರೂ ಮುಂದಿನ ಚಳಿಗಾಲ ಅದೇ ಕಟ್ಟೆ ಅದೇ ಜಾಗದಲ್ಲಿ ಬೆಳೆಯುತ್ತದೆ.

ಗಟರ್, ಅಂದರೆ ಮಾಡಿನ ನೀರು ಹಿಡಿಯಲು ಸೂರಿನ ಅಂಚಿಗೆ ಕಟ್ಟಿದ ದೋಣಿ, ಅದರ ಮೇಲೂ ಜನ ಸುಮ್ನೆ ತಪ್ಪು ಹೊರಿಸುತ್ತಾರೆ. ಗಟರ್ ಕಿತ್ತು ಹಾಕಿದ ಮನೆಯಲ್ಲೂ ಐಸ್ ಡ್ಯಾಮ್ ಆಗುತ್ತದೆ. ಅದನ್ನು ಸ್ವಚ್ಛ ಇಡಬೇಕು ಸರಿ, ಆದರೆ ರೋಗದ ಮೂಲ ಅಲ್ಲಿಲ್ಲ.

ಮೂಲ ಇರುವುದು ಅಟ್ಟದ ನೆಲದಲ್ಲಿ. ನಮ್ಮ ಕಡೆ ಸೋರುವುದಕ್ಕೆ ಆಕಾಶ ಕಾರಣ, ಅವರಿಗೆ ಅಡುಗೆಮನೆ ಕಾರಣ ಅಂತ ನಾನು ತಂಗಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು, ಆದರೆ ವಿಷಯ ನಿಜ.

ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಇಡೀ ಮನೆಯ ಗಾಳಿ ಮೇಲಕ್ಕೆ ಒತ್ತುತ್ತಿರುತ್ತದೆ. ಎಲ್ಲಿ ಸಂದಿ ಸಿಕ್ಕರೆ ಅಲ್ಲಿಂದ ಅಟ್ಟಕ್ಕೆ ಹೊರಟುಬಿಡುತ್ತದೆ, ಅಷ್ಟೇ ತಣ್ಣನೆಯ ಗಾಳಿಯನ್ನು ಕೆಳಗಿನ ಬಾಗಿಲು ಕಿಟಕಿಗಳಿಂದ ಒಳಗೆ ಎಳೆಯುತ್ತದೆ. ಕೆಳಗೆ ಕಾಲಿಗೆ ಚಳಿ, ಮೇಲೆ ಹಿಮ ಕರಗುವುದು, ಎರಡೂ ಒಂದೇ ಕಾಯಿಲೆ. ಸಂದಿಗಳು ಎಲ್ಲಿ ಅಂದರೆ, ಸೀಲಿಂಗಿನೊಳಗೆ ಹುದುಗಿಸಿದ ಲೈಟುಗಳ ಸುತ್ತ, ಪ್ಲಂಬಿಂಗ್ ಪೈಪು ಮೇಲೆ ಹೋಗುವ ಜಾಗ, ವೈರಿಗೆ ಕೊರೆದ ತೂತು, ಚಿಮಣಿಯ ಸುತ್ತಲಿನ ಬಿಡುವು, ಒಳಗಿನ ಗೋಡೆಗಳ ತಲೆ, ಅಟ್ಟಕ್ಕೆ ಹತ್ತುವ ಬಾಗಿಲು. ಆ ಬಾಗಿಲು ಎಷ್ಟೋ ಮನೆಯಲ್ಲಿ ಬರೀ ಒಂದು ತೆಳ್ಳನೆಯ ಹಲಗೆ, ಸುಮ್ನೆ ಮೇಲೆ ಇಟ್ಟಿರುತ್ತಾರೆ. ಇವೆಲ್ಲಾ ಬಿಡಿಬಿಡಿಯಾಗಿ ನೋಡಿದರೆ ಏನೂ ಅಲ್ಲ. ಕೂಡಿಸಿದರೆ ಚಳಿಗಾಲದಲ್ಲಿ ಒಂದು ಕಿಟಕಿ ಪೂರ್ತಿ ತೆರೆದಿಟ್ಟು ಮಲಗಿದ ಲೆಕ್ಕ.

ಎಲ್ಲಕ್ಕಿಂತ ಕೆಟ್ಟದ್ದು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್. ಅದರ ಪೈಪನ್ನು ಮಾಡಿನ ಹೊರಗೆ ಬಿಡಬೇಕು. ಹಳೇ ಮನೆಗಳಲ್ಲಿ ಅಟ್ಟದೊಳಗೇ ಬಿಟ್ಟು ಕೈ ತೊಳೆದುಕೊಂಡಿರುತ್ತಾರೆ. ಬಿಸಿನೀರ ಸ್ನಾನದ ಹಬೆ ಎಲ್ಲಾ ನೇರ ಅಟ್ಟಕ್ಕೆ. ಅಡುಗೆಮನೆಯದ್ದೂ ಹಾಗೇ. ನಮ್ಮವರ ಅಡುಗೆ ಗೊತ್ತಲ್ಲ, ದಿನಾ ಕುಕ್ಕರ್ ಕೂಗಬೇಕು, ರೊಟ್ಟಿ ಬೇಯಬೇಕು, ಒಗ್ಗರಣೆ ಚಟಪಟ ಅನ್ನಬೇಕು. ಅಲ್ಲಿ ಒಲೆಯ ಮೇಲೆ ಹಾಕುವ ಅನೇಕ ಚಿಮಣಿಗಳು ಗಾಳಿಯನ್ನು ಹೊರಗೆ ಹಾಕುವುದೇ ಇಲ್ಲ, ಜಾಳಿಗೆಯಲ್ಲಿ ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತವೆ. ಆ ಹಬೆ ಮೇಲೆ ಹೋಗಿ ಅಟ್ಟದ ತಣ್ಣನೆಯ ಮೊಳೆಗಳ ತುದಿಗೆ ಹೆಪ್ಪುಗಟ್ಟುತ್ತದೆ. ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟಾಗ ಮೊಳೆಗಳ ಮೇಲೆ ಬಿಳಿ ಹರಳು ಕಂಡರೆ, ಕೆಳಗಿನಿಂದ ಗಾಳಿ ಬರುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ತಂಗಿಯದು ಅಲ್ಲಿಯವರು ಒಂದೂವರೆ ಅಂತಸ್ತು ಅನ್ನುವ ಮಾದರಿಯ ಹಳೇ ಮನೆ. ಮಿನಿಯಾಪೊಲಿಸ್ ಕಡೆ ಇಂಥವು ಬಹಳ. ಐಸ್ ಡ್ಯಾಮಿಗೆ ಇವು ಕುಖ್ಯಾತ. ಮಾಡಿನ ಕೆಳಗೇ ಒಂದು ರೂಮು ಇರುತ್ತದೆ, ಅದರ ಸೀಲಿಂಗು ಎರಡೂ ಕಡೆ ಇಳಿಜಾರು, ಬದಿಯಲ್ಲಿ ಎದೆಮಟ್ಟದ ಗಿಡ್ಡ ಗೋಡೆ. ಆ ಗಿಡ್ಡ ಗೋಡೆಯ ಹಿಂದೆ ತ್ರಿಕೋನದ ಕತ್ತಲೆ ಜಾಗ. ನಮ್ಮವರು ಅಲ್ಲಿ ಸೂಟ್‌ಕೇಸ್ ತುಂಬಿಡುತ್ತಾರೆ. ಗೋಡೆಗೆ ಇನ್ಸುಲೇಷನ್ ಹಾಕಿದ್ದರೂ ಅದರ ಅಡಿಯಲ್ಲಿ, ನೆಲದ ಮರದ ತೊಲೆಗಳ ನಡುವೆ, ಬೆಚ್ಚಗಿನ ಮನೆಯಿಂದ ಆ ತ್ರಿಕೋನಕ್ಕೆ ನೇರ ಸುರಂಗ ಇರುತ್ತದೆ. ಯಾರೂ ಮುಚ್ಚಿರುವುದಿಲ್ಲ, ಯಾಕೆಂದರೆ ಯಾರಿಗೂ ಕಾಣುವುದಿಲ್ಲ. ಇಳಿಜಾರಿನ ಸೀಲಿಂಗಿನ ಮತ್ತು ಮಾಡಿನ ಹಲಗೆಯ ನಡುವೆ ಇರುವ ಜಾಗವೋ ನಾಲ್ಕೋ ಆರೋ ಇಂಚು. ಅಲ್ಲಿ ಬೇಕಾದಷ್ಟು ಇನ್ಸುಲೇಷನ್ ತುಂಬಲು ಆಗುವುದಿಲ್ಲ, ತುಂಬಿದರೆ ಗಾಳಿ ಆಡಲು ದಾರಿ ಉಳಿಯುವುದಿಲ್ಲ. ಇಂಥ ಮನೆಗೆ ಅರ್ಧ ಮದ್ದು ಕೆಲಸ ಮಾಡದು. ತೊಲೆಗಳ ನಡುವಿನ ಸುರಂಗಗಳನ್ನು ಒಂದೊಂದಾಗಿ ಫೋಮ್ ಹಲಗೆ ಕತ್ತರಿಸಿ ಮುಚ್ಚಿ ಸುತ್ತ ಫೋಮ್ ಹೊಡೆಯಬೇಕು. ಇಳಿಜಾರಿನೊಳಗೆ ಸ್ಪ್ರೇ ಫೋಮೋ, ಒತ್ತಿ ತುಂಬಿದ ಸೆಲ್ಯುಲೋಸೋ (ಹಳೇ ಪೇಪರಿನಿಂದ ಮಾಡಿದ ಇನ್ಸುಲೇಷನ್) ಬೇಕು. ಹೇಗೂ ಶಿಂಗಲ್ಸ್ ಬದಲಿಸುವ ಕಾಲ ಬಂದಿದ್ದರೆ ಮಾಡಿನ ಹಲಗೆಯ ಮೇಲೆಯೇ ಗಟ್ಟಿ ಫೋಮ್ ಹಾಕಿ ಅದರ ಮೇಲೆ ಹೊಸ ಮಾಡು ಹೊದಿಸುವುದು ಒಳ್ಳೆಯದು. ಖರ್ಚು ಜಾಸ್ತಿ, ಒಪ್ಪಿದೆ.

ಸಾಧಾರಣ ಅಟ್ಟ ಇರುವ ಮನೆಗೆ ಕೆಲಸ ಸಲೀಸು. ಆದರೆ ಸರದಿ ತಪ್ಪಬಾರದು. ಮೊದಲು ಸಂದಿ ಮುಚ್ಚುವುದು, ಆಮೇಲೆ ಇನ್ಸುಲೇಷನ್, ಆಮೇಲೆ ಗಾಳಿಯಾಟ. ಜನ ಎರಡನೆಯದಕ್ಕೆ ಹಾರುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಮೆಷಿನ್ ತಂದು ಒಂದು ದಿನದಲ್ಲಿ ಊದಿ ಹೋಗುತ್ತಾರೆ. ಸಂದಿ ಮುಚ್ಚದೆ ಮೇಲೆ ಹತ್ತಿಯಂಥ ಇನ್ಸುಲೇಷನ್ ಊದಿದರೆ ಗಾಳಿ ಅದರ ನಡುವೆಯೂ ದಾಟುತ್ತದೆ, ಮತ್ತೆ ಸಂದಿ ಹುಡುಕಬೇಕೆಂದರೆ ಅದನ್ನೆಲ್ಲಾ ಸರಿಸಬೇಕು. ಚಿಕ್ಕ ಬಿರುಕಿಗೆ ಕಾಲ್ಕ್ ಅನ್ನುವ ಸಂದಿ ತುಂಬುವ ಪೇಸ್ಟು, ದೊಡ್ಡದಕ್ಕೆ ಸ್ಪ್ರೇ ಫೋಮ್. ಚಿಮಣಿಯ ಸುತ್ತ ಮಾತ್ರ ಫೋಮ್ ಬೇಡವೇ ಬೇಡ, ಅಲ್ಲಿ ತಗಡು ಕತ್ತರಿಸಿ ಕೂರಿಸಿ ಬೆಂಕಿ ತಡೆಯುವ ಸೀಲಂಟ್ ಹಾಕಬೇಕು. ಹುದುಗಿಸಿದ ಹಳೇ ಲೈಟುಗಳನ್ನು ಗಾಳಿ ಬಿಡದ ಎಲ್‌ಇಡಿಗೆ ಬದಲಿಸಿಬಿಡಿ. ಅಟ್ಟದ ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ, ಮೇಲೆ ದಪ್ಪ ಫೋಮ್.

ಸಂದಿ ಎಲ್ಲಿದೆ ಅಂತ ಊಹೆ ಮಾಡುವುದೂ ಬೇಡ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಮನೆಯ ಗಾಳಿಯನ್ನು ಹೊರಗೆ ಎಳೆಯುವ ಒಂದು ಪರೀಕ್ಷೆ ಇದೆ, ಬ್ಲೋವರ್ ಡೋರ್ ಟೆಸ್ಟ್. ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿ, ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಮನೆಯೆಲ್ಲಾ ಸುತ್ತಿದರೆ ಸಂದಿಗಳು ಬಣ್ಣದಲ್ಲಿ ಕಾಣುತ್ತವೆ. ನಮ್ಮ ಬಾಗಲಕೋಟೆಯಲ್ಲಿ ಸ್ಲ್ಯಾಬಿನ ಸೋರಿಕೆ ಹುಡುಕಲು ಟೆರೇಸಿನ ಮೇಲೆ ನೀರು ಕಟ್ಟಿ ನಿಲ್ಲಿಸುತ್ತೇವಲ್ಲ, ಅವರು ಗಾಳಿಯಿಂದ ಅದನ್ನೇ ಮಾಡುತ್ತಾರೆ. ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು.

ಇನ್ಸುಲೇಷನ್ ಎಷ್ಟು ಬೇಕು? ಅಲ್ಲಿ ಇದನ್ನು ಆರ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ದೊಡ್ಡದಾದಷ್ಟೂ ಬಿಸಿ ತಡೆಯುವ ಶಕ್ತಿ ಜಾಸ್ತಿ. ಮಿನ್ನೆಸೋಟಾದಂಥ ಚಳಿ ಪ್ರದೇಶದ ಅಟ್ಟಕ್ಕೆ ಆರ್-49 ರಿಂದ ಆರ್-60 ಬೇಕು. ಸೆಲ್ಯುಲೋಸ್ ಇಂಚಿಗೆ ಸುಮಾರು 3.5 ಕೊಡುತ್ತದೆ. ಆರ್-49ಕ್ಕೆ 14 ಇಂಚು ದಪ್ಪ ಆಯಿತು. ಸಡಿಲ ಫೈಬರ್‌ಗ್ಲಾಸ್ ಆದರೆ ಇನ್ನೂ ದಪ್ಪ ಬೇಕು. ಹಳೇ ಮನೆಯ ಅಟ್ಟದಲ್ಲಿ ನಾಲ್ಕಾರು ಇಂಚು ಇರುತ್ತದೆ, ಅದೂ ತುಳಿದು ತುಳಿದು ಚಪ್ಪಟೆ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಅಟ್ಟದಲ್ಲಿ ಹೊಳೆಯುವ ಸಣ್ಣ ಹರಳಿನಂಥ, ಬೂದು ಅಥವಾ ಚಿನ್ನದ ಬಣ್ಣದ ಪುಡಿ ಕಂಡರೆ ಕೈ ಹಾಕಬೇಡಿ. ಅದು ವರ್ಮಿಕ್ಯುಲೈಟ್ ಇರಬಹುದು. ಅಮೆರಿಕದಲ್ಲಿ 1990ರವರೆಗೆ ಮಾರಿದ್ದರಲ್ಲಿ ಬಹುಪಾಲು ಮೊಂಟಾನಾದ ಲಿಬ್ಬಿ ಗಣಿಯದು, ಅದರಲ್ಲಿ ಕಲ್ನಾರು ಸೇರಿತ್ತು. ಕೆದಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತಿಳಿದವರನ್ನು ಕರೆಸಿ.

ನಮ್ಮೂರಿನ ಹಿರಿಯರೊಬ್ಬರು ನನ್ನ ವಿವರಣೆ ಎಲ್ಲಾ ಕೇಳಿ, "ನಮ್ಮ ಮಣ್ಣಿನ ಮಾಳಿಗೆ ಹಾಕಿಸು ಅನ್ನು, ಎಲ್ಲಾ ಸರಿಹೋಗುತ್ತದೆ" ಅಂದರು. ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ತೊಲೆ, ಜಂತಿ, ಅದರ ಮೇಲೆ ಅಡಿಗಟ್ಟಲೆ ಮಣ್ಣು, ಮಳೆಗಾಲಕ್ಕೆ ಮುಂಚೆ ನೀರು ಇಂಗದ ಸವಳು ಮಣ್ಣಿನ ಮೇಲ್ಮುದ್ದೆ. ಮೇ ತಿಂಗಳ 40 ಡಿಗ್ರಿಯಲ್ಲೂ ಆ ಮನೆಗಳ ಒಳಗೆ ತಂಪು. ಆದರೆ ಮಣ್ಣು ಬಿಸಿಯನ್ನು ತಡೆಯುವುದಕ್ಕಿಂತ ತಡಮಾಡುವುದು ಜಾಸ್ತಿ. ಮಧ್ಯಾಹ್ನದ ಬಿಸಿಲು ಅಷ್ಟು ದಪ್ಪ ಮಣ್ಣು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿ ಆಗಿರುತ್ತದೆ, ಹೊರಗೆ ತಂಪಾಗಿರುತ್ತದೆ. ನಮಗೆ ಹಗಲು ರಾತ್ರಿಯ ವ್ಯತ್ಯಾಸ ಇರುವುದರಿಂದ ಈ ಆಟ ನಡೆಯುತ್ತದೆ. ಅಲ್ಲಿ ವಾರಗಟ್ಟಲೆ ಹಗಲೂ ರಾತ್ರಿಯೂ ಸೊನ್ನೆಗಿಂತ ಕೆಳಗೆ. ತಡಮಾಡಿ ಏನು ಪ್ರಯೋಜನ? ಅವರಿಗೆ ಬೇಕಾದದ್ದು ಬಿಸಿಯನ್ನು ಹೋಗಗೊಡದೇ ಇರುವ ವಸ್ತು, ಅಂದರೆ ಒಳಗೆ ಗಾಳಿ ಹಿಡಿದಿಟ್ಟ ಹಗುರ ವಸ್ತು. ಮಣ್ಣಿನ ಭಾರಕ್ಕೆ ಅವರ ಮರದ ಮಾಡು ಕುಸಿದು ಬೀಳುತ್ತದೆ, ಅದು ಬೇರೆ ಮಾತು. 2009ರ ಮಳೆಯಲ್ಲಿ ನಮ್ಮ ಉತ್ತರ ಕರ್ನಾಟಕದಲ್ಲಿ ಎಷ್ಟು ಮಣ್ಣಿನ ಮನೆಗಳು ನೆನೆದು ಬಿದ್ದವು ಅನ್ನುವುದನ್ನು ಆ ಹಿರಿಯರಿಗೂ ನೆನಪಿಸಿದೆ.

ಮೂರನೆಯದು ಗಾಳಿಯಾಟ. ಇನ್ಸುಲೇಷನ್ ಹಾಕಿದ ಮೇಲೂ ಸ್ವಲ್ಪ ಬಿಸಿ ಹೋಗಿಯೇ ಹೋಗುತ್ತದೆ. ಅದನ್ನು ಹೊರಗೆ ಸಾಗಿಸಲು ಸೂರಿನ ಕೆಳಗೆ ಗಾಳಿ ಒಳಗೆ ಬರುವ ಕಿಂಡಿ, ಮಾಡಿನ ನೆತ್ತಿಯ ಉದ್ದಕ್ಕೂ ಹೊರಗೆ ಹೋಗುವ ಕಿಂಡಿ ಬೇಕು. ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ ಹಲಗೆಯ ಅಡಿಯನ್ನು ಸವರಿಕೊಂಡು ಮೇಲೆ ಹೋಗುತ್ತದೆ, ಹಲಗೆ ತಣ್ಣಗೆ ಉಳಿಯುತ್ತದೆ, ಹಿಮ ಕರಗುವುದಿಲ್ಲ. ಅಟ್ಟದ ನೆಲದ 300 ಚದರಡಿಗೆ ಒಂದು ಚದರಡಿ ಕಿಂಡಿ ಅನ್ನುವುದು ಸಾಮಾನ್ಯ ಲೆಕ್ಕ, ಅದು ಮೇಲೂ ಕೆಳಗೂ ಸರಿಯಾಗಿ ಹಂಚಿರಬೇಕು. ಹಾಗೆ ಹಂಚಿರದಿದ್ದರೆ 150ಕ್ಕೆ ಒಂದು. ಇನ್ಸುಲೇಷನ್ ಊದುವಾಗ ಸೂರಿನ ಕಿಂಡಿ ಮುಚ್ಚಿಹೋಗದಂತೆ ಪ್ರತಿ ಜಾಗದಲ್ಲೂ ಪ್ಲಾಸ್ಟಿಕ್ಕಿನ ತಡೆಹಲಗೆ ಹಾಕಬೇಕು, ಅದರ ಮತ್ತು ಮಾಡಿನ ಹಲಗೆಯ ನಡುವೆ ಕನಿಷ್ಠ ಒಂದು ಇಂಚು ದಾರಿ. ಇದನ್ನು ಮರೆಯುವವರು ಬಹಳ. ಆಮೇಲೆ ಹೊಸ ಇನ್ಸುಲೇಷನ್ ಹಾಕಿಸಿದರೂ ಡ್ಯಾಮ್ ನಿಂತಿಲ್ಲ ಅಂತ ಗೋಳಾಡುತ್ತಾರೆ.

ಅಟ್ಟ ಎಷ್ಟು ತಣ್ಣಗಿರಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಶೀತಪ್ರದೇಶಗಳ ಸಂಶೋಧನಾ ಕೇಂದ್ರವಿದೆ. ಅವರು ಕಟ್ಟಡಗಳ ಮೇಲೆ ಅಳೆದು ನೋಡಿ ಹೇಳಿದ್ದು, ಹೊರಗೆ ಮೈನಸ್ 5.5 ಡಿಗ್ರಿ ಇದ್ದಾಗ ಅಟ್ಟದೊಳಗೆ ಮೈನಸ್ 1 ಡಿಗ್ರಿಗಿಂತ ಕೆಳಗೆ ಇರುವಂತೆ ನೋಡಿಕೊಂಡರೆ ದೊಡ್ಡ ಕಟ್ಟೆ ಬೆಳೆಯುವುದಿಲ್ಲ ಅಂತ. ಒಂದು ಅಗ್ಗದ ಥರ್ಮಾಮೀಟರನ್ನು ಅಟ್ಟದಲ್ಲಿ ತೂಗುಹಾಕಿದರೆ ನಿಮ್ಮ ಮನೆಯ ಜಾತಕ ಗೊತ್ತಾಗುತ್ತದೆ. ತಂಗಿಯ ಗಂಡ ವೈಫೈನದ್ದು ಹಾಕಿಕೊಂಡಿದ್ದಾನೆ, ಈಗ ಆಫೀಸಿನಲ್ಲಿ ಕೂತು ಅಟ್ಟದ ತಾಪಮಾನ ನೋಡುವುದು ಅವನ ಹೊಸ ಚಟ.

ಗಾಳಿಯಾಟ ಬೇಕು ಅಂದ ತಕ್ಷಣ ಕರೆಂಟಿನ ಅಟ್ಟದ ಫ್ಯಾನ್ ಮಾರಲು ಬರುತ್ತಾರೆ. ಬೇಡ ಅನ್ನಿ. ಸೀಲಿಂಗಿನಲ್ಲಿ ಸಂದಿ ಇದ್ದರೆ ಆ ಫ್ಯಾನ್ ಹೊರಗಿನ ಗಾಳಿಗಿಂತ ಮನೆಯೊಳಗಿನ ಬಿಸಿ ಗಾಳಿಯನ್ನೇ ಮೇಲಕ್ಕೆ ಎಳೆಯುತ್ತದೆ, ನೀವು ಹೀಟರ್ ಹಾಕಿ ಕಾಸು ಸುಟ್ಟ ಗಾಳಿ. ಸೂರಿನ ಮೇಲೆ ಅಂಕುಡೊಂಕಾಗಿ ಹಾಕುವ ಹೀಟ್ ಕೇಬಲ್ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಮನೆಯಿಂದ ಬಿಸಿ ಸೋರಿ ಹಿಮ ಕರಗಿತು, ಆ ನೀರು ಗಟ್ಟಿಯಾಗದಂತೆ ಮತ್ತೆ ಕರೆಂಟ್ ಸುಟ್ಟು ಬಿಸಿ ಕೊಡುವುದು, ಇದು ಯಾವ ನ್ಯಾಯ? ಬೇರೆ ಏನೂ ಮಾಡಲಾಗದ ಒಂದು ಮೂಲೆಗೆ ಹಾಕಿಕೊಳ್ಳಿ, ಇಡೀ ಮನೆಗೆ ಬೇಡ.

ಶಿಂಗಲ್ಸ್ ಬದಲಿಸುವ ಸಂದರ್ಭ ಬಂದರೆ ಒಂದು ಕೆಲಸ ಬಿಡಬೇಡಿ. ಸೂರಿನ ಅಂಚಿನಿಂದ ಶುರುಮಾಡಿ, ಹೊರಗೋಡೆಯ ಗೆರೆ ದಾಟಿ ಒಳಗೆ ಕನಿಷ್ಠ 24 ಇಂಚಿನವರೆಗೆ ಅಂಟಿಕೊಳ್ಳುವ ಜಲನಿರೋಧಕ ಹಾಳೆ ಹಾಕಬೇಕು. ಚಳಿ ಪ್ರದೇಶಗಳಿಗೆ ಕಟ್ಟಡ ನಿಯಮವೇ ಇದನ್ನು ಹೇಳುತ್ತದೆ. 24 ಇಂಚನ್ನು ಅಂಚಿನಿಂದ ಅಳೆದು ಮುಗಿಸುವವರಿದ್ದಾರೆ, ಅದಲ್ಲ. ಗೋಡೆಯಿಂದ ಒಳಗೆ ಅಳೆಯಬೇಕು. ಹಾಳೆ ಡ್ಯಾಮನ್ನು ತಡೆಯುವುದಿಲ್ಲ, ಡ್ಯಾಮ್ ಆದರೂ ಹಿನ್ನೀರು ಒಳಗೆ ಬಾರದಂತೆ ಕಾಯುತ್ತದೆ.

ಇಷ್ಟೆಲ್ಲಾ ಮಾಡಿಸುವ ಮೊದಲೇ ಜನವರಿಯ ರಾತ್ರಿ ಸೀಲಿಂಗಿನಿಂದ ಹನಿ ಬಿದ್ದರೆ? ಮಾಡು ಹತ್ತಬೇಡಿ. ಇದನ್ನು ಅಲ್ಲಿಗೆ ಆರು ತಿಂಗಳ ವೀಸಾದಲ್ಲಿ ಹೋದ ನಮ್ಮ ಅಪ್ಪಂದಿರಿಗಾಗಿಯೇ ಬರೆಯುತ್ತಿದ್ದೇನೆ. ಊರಲ್ಲಿ ಹಾರೆ ಹಿಡಿದು ಬಂಡೆ ಸೀಳಿದವರು ನೀವು, ಗೊತ್ತು. ಆದರೆ ಐಸ್ ಒಡೆಯಲು ಹೋದರೆ ಅದರ ಜೊತೆ ಶಿಂಗಲ್ಸ್ ಕೂಡ ಒಡೆಯುತ್ತವೆ, ಚಳಿಯಲ್ಲಿ ಅವು ಪಟಪಟನೆ ಮುರಿಯುತ್ತವೆ. ಕಾಲು ಜಾರಿದರೆ ಆಸ್ಪತ್ರೆಯ ಬಿಲ್ಲು ಮಾಡಿನ ಬಿಲ್ಲಿಗಿಂತ ದೊಡ್ಡದು. ನೆಲದ ಮೇಲೇ ನಿಂತು ಉದ್ದ ಹಿಡಿಯ ಹಿಮ ಎಳೆಯುವ ಕುಂಟೆಯಿಂದ ಸೂರಿನ ಅಂಚಿನ ಮೂರು ನಾಲ್ಕು ಅಡಿ ಹಿಮವನ್ನು ಕೆಳಗೆ ಎಳೆಯಿರಿ. ಹಿಮ ಬಿದ್ದ ಕೂಡಲೇ, ಕಟ್ಟೆ ಬೆಳೆಯುವ ಮೊದಲೇ ಇದನ್ನು ಮಾಡಿದರೆ ಅರ್ಧ ಸಮಸ್ಯೆ ಇಲ್ಲ. ಹಿಡಿ ಅಲ್ಯುಮಿನಿಯಂದು, ಮೇಲೆ ಕರೆಂಟಿನ ತಂತಿ ಇದೆಯೇ ಅಂತ ಮೊದಲು ತಲೆ ಎತ್ತಿ ನೋಡಿ.

ಕಟ್ಟೆ ಆಗಲೇ ಬೆಳೆದಿದ್ದರೆ ಹಳೇ ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಕಟ್ಟೆಯ ಮೇಲೆ ಅಡ್ಡಡ್ಡಲಾಗಿ, ತುದಿ ಸೂರಿನಿಂದ ಹೊರಗೆ ಇಳಿಬೀಳುವಂತೆ ಇಟ್ಟರೆ ಅದು ನಿಧಾನಕ್ಕೆ ಕರಗಿಸಿ ಒಂದು ಕಾಲುವೆ ಮಾಡಿಕೊಡುತ್ತದೆ. ನಿಂತ ನೀರು ಅದರಿಂದ ಹೊರಗೆ ಹೋಗುತ್ತದೆ. ರಸ್ತೆಗೆ ಹಾಕುವ ಕಲ್ಲುಪ್ಪು ಬೇಡ, ತಗಡು ತುಕ್ಕು ಹಿಡಿಯುತ್ತದೆ, ಕೆಳಗಿನ ಗಿಡ ಸಾಯುತ್ತದೆ. ಒಳಗೆ ಹನಿ ಜೋರಾಗಿದ್ದರೆ ಅಟ್ಟದಲ್ಲಿ ಟೇಬಲ್ ಫ್ಯಾನ್ ಇಟ್ಟು ಸೋರುವ ಜಾಗಕ್ಕೆ ಅಟ್ಟದ ತಣ್ಣನೆಯ ಗಾಳಿ ಹೊಡೆಸಿ, ನೀರು ಅಲ್ಲೇ ಹೆಪ್ಪುಗಟ್ಟಿ ಸೋರುವುದು ನಿಲ್ಲುತ್ತದೆ. ತಾತ್ಕಾಲಿಕ, ಆದರೆ ಆ ರಾತ್ರಿ ದಾಟುತ್ತದೆ. ತೀರಾ ಕೈ ಮೀರಿದರೆ ಹಬೆ ಯಂತ್ರ ಇರುವವರನ್ನು ಕರೆಸಿ. ಹಬೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಒತ್ತಡದ ನೀರು ಹೊಡೆದು ಐಸ್ ಬಿಡಿಸುವವರು ಶಿಂಗಲ್ಸಿನ ಮೇಲಿನ ಮರಳನ್ನೂ ಕಿತ್ತುಕೊಂಡು ಹೋಗುತ್ತಾರೆ.

ಒಂದು ಮುಖ್ಯ ವಿಷಯ. ಮನೆಯ ಸಂದಿಗಳನ್ನೆಲ್ಲಾ ಮುಚ್ಚಿದ ಮೇಲೆ ಮನೆ ಬಿಸಿ ಮಾಡುವ ಗ್ಯಾಸಿನ ಫರ್ನೇಸ್, ಗ್ಯಾಸಿನ ಗೀಸರ್ ಇದ್ದರೆ ಅವುಗಳ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಅಂತ ಪರೀಕ್ಷೆ ಮಾಡಿಸಲೇಬೇಕು. ಮೊದಲು ಸಂದಿಗಳಿಂದ ಬರುತ್ತಿದ್ದ ಗಾಳಿ ಈಗ ಇಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಚಿಮಣಿಯ ಹೊಗೆ ಹಿಂದಕ್ಕೆ ಮನೆಯೊಳಗೆ ಬರಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗುವ ರೂಮುಗಳ ಹತ್ತಿರ ಅದರ ಅಲಾರಂ ಇರಲಿ.

ಕೆಲಸಕ್ಕೆ ಒಳ್ಳೆಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ಬೇಸಿಗೆಯಲ್ಲಿ ಅಟ್ಟ ಸುಡುತ್ತದೆ, ಚಳಿ ಬಂದ ಮೇಲೆ ಕೆಲಸದವರು ಸಿಗುವುದಿಲ್ಲ. ಇನ್ನು ಮನೆ ಹುಡುಕುತ್ತಿರುವವರಿಗೆ ಒಂದು ಮಾತು. ಸಾಧ್ಯವಿದ್ದರೆ ಹಿಮ ಬಿದ್ದು ಎರಡು ದಿನ ಆದ ಮೇಲೆ ಆ ಮನೆಯ ಮುಂದೆ ಕಾರು ನಿಲ್ಲಿಸಿ ರಸ್ತೆಯಿಂದಲೇ ಮಾಡು ನೋಡಿ. ಅಕ್ಕಪಕ್ಕದ ಮನೆಗಳ ಮೇಲೆ ಹಿಮ ಸಮನಾಗಿ ಕೂತಿದೆ, ಇದರ ಮೇಲೆ ಮಾತ್ರ ನಡುನಡುವೆ ಬೋಳು ತೇಪೆ, ಸೂರಿನಲ್ಲಿ ತೋಳುದ್ದದ ಐಸಿನ ಕೋಲುಗಳು. ಫೋಟೋಗೆ ಬಹಳ ಚೆನ್ನ, ತಂಗಿಯೂ ಮೊದಲ ವರ್ಷ ವಾಟ್ಸಾಪ್ ಸ್ಟೇಟಸ್ ಹಾಕಿದ್ದಳು. ಬಿಸಿಲು ಬೀಳುವ ದಕ್ಷಿಣದ ಕಡೆ ಒಂದೆರಡು ಚಿಕ್ಕ ಕೋಲು ಇದ್ದರೆ ಚಿಂತೆ ಇಲ್ಲ, ಅದು ಸೂರ್ಯನ ಕೆಲಸ. ಬಿಸಿಲೇ ಬೀಳದ ಉತ್ತರದ ಕಡೆಯೂ ಸಾಲಾಗಿ ನೇತಾಡುತ್ತಿದ್ದರೆ ಮನೆ ಬೇಡ ಅನ್ನಬೇಕಿಲ್ಲ, ಅಟ್ಟದ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಮಾರುವವರು "ಇದು ಇಲ್ಲಿ ಎಲ್ಲರ ಮನೆಯಲ್ಲೂ ಆಗುತ್ತೆ" ಅನ್ನುತ್ತಾರೆ. ಪಕ್ಕದ ಮನೆಯ ಮಾಡಿಗೆ ಬೆರಳು ತೋರಿಸಿ.